ತುಟಿಯಲ್ಲೇ ಮಾತಾಡುತ್ತಿದ್ದ ಮಲ್ಲಪ್ಪ ಕಾಕಾ

ಮಲ್ಲಪ್ಪ ಕಾಕಾ ಮಾತಾಡಿದರೆ ದನಿ ಬರುತ್ತಿರಲಿಲ್ಲ, ತುಟಿಗಳು ಮಾತ್ರ ಆಡುತ್ತಿದ್ದವು. ಮೂಕರೇನಲ್ಲ. ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ಹದಿನೆಂಟು ವರ್ಷ ನಿಂತವರು. ಅಲ್ಲಿಯ ಗದ್ದಲದಲ್ಲಿ ಕೂಗಿದರೂ ಕೇಳದು. ಎಲ್ಲರೂ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡಿಕೊಳ್ಳುತ್ತಿದ್ದರಂತೆ. ಆ ರೂಢಿ ಮನೆಯಲ್ಲೂ ಬಿಡಲಿಲ್ಲ. "ದನಿ ತಗದು ಮಾತಾಡ್ರಿ, ನಾ ಏನ್ ನಿಮ್ಮ ಮಿಲ್ಲಿನಾಕಿ ಅಲ್ಲ!" ಎಂದು ಅವರ ಹೆಂಡತಿ ನೀಲವ್ವ ಕಾಕು ಗದರುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು. ನನ್ನೊಡನೆ ಮಾತಾಡುವಾಗ ಮಾತ್ರ ನೆನಪು ಮಾಡಿಕೊಂಡು ದನಿ ತೆಗೆಯುತ್ತಿದ್ದರು.

ಅವರು ರಬಕವಿ ಕಡೆಯವರು. ನಾನು ಧಾರವಾಡದಿಂದ ಬಂದು ಮುಂಬಯಿಯ ಕುರ್ಲಾದ ಒಂದು ಚಾಳಿನಲ್ಲಿ ಅವರ ಪಕ್ಕದ ಖೋಲಿ ಹಿಡಿದಿದ್ದೆ. ಕೋಟೆ ಭಾಗದ ಒಂದು ಆಫೀಸಿನಲ್ಲಿ ಕಾರಕೂನಿಕೆ. ಫೈಲುಗಳ ಮುಖ ಕಂಡರಾಗದು. ಮಾಟುಂಗದ ಕನ್ನಡ ಶಾಲೆಯಲ್ಲಿ ಮಾಸ್ತರಾಗಬೇಕೆಂಬ ಆಸೆಯನ್ನು ಕಾಕಾ ಒಬ್ಬರಿಗೇ ಹೇಳಿದ್ದೆ.

ಒಂದು ದಿನ ಶೆಡ್ಡಿನಲ್ಲಿ ಲಾಳಿ ಮಗ್ಗದಿಂದ ಸಿಡಿದು, ಪಕ್ಕದ ಮಗ್ಗದ ದಗಡೂನ ಕಣ್ಣಿಗೆ ಬಡಿಯಿತು. ಕಣ್ಣು ಹೋಯಿತು. ಅಂದಿನಿಂದ ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗಿದೊಡನೆ ಕಾಕಾನ ಕೈಯಲ್ಲಿ ಚಹಾದ ಕಪ್ಪು ನಿಲ್ಲುತ್ತಿರಲಿಲ್ಲ. "ಬಿಟ್ಟುಬಿಡ್ರಿ" ಎಂದೆ. "ಪರ್ಮನೆಂಟ್ ಐತಿ ತಮ್ಮಾ. ಇದನ್ನ ಬಿಟ್ರ ಈ ಊರಾಗ ನಮ್ಮನ್ನ ಯಾರ್ ಕೇಳ್ತಾರ? ಹೋಗಾಕೂ ಅಂಜಿಕಿ, ಬಿಡಾಕೂ ಅಂಜಿಕಿ." ಪರ್ಮನೆಂಟ್ ಎಂಬ ಮಾತನ್ನು ಆಗ ಮುಂಬಯಿಯಲ್ಲಿ ಎಲ್ಲರೂ ದೇವರ ಹೆಸರಿನಂತೆ ಉಚ್ಚರಿಸುತ್ತಿದ್ದರು.

ಒಂದು ಭಾನುವಾರ ಇಬ್ಬರೂ ಮಾಟುಂಗಕ್ಕೆ ಹೋಗಿದ್ದೆವು. ಗುಡಿಯ ಹತ್ತಿರದ ಫುಟ್‌ಪಾತಿನಲ್ಲಿ ಆರೇಳು ವರ್ಷದ ಹುಡುಗಿಯೊಂದು ಒಂಟಿಯಾಗಿ ಅಳುತ್ತಿತ್ತು. ಜನ ಸುತ್ತ ನಿಂತು ಹಿಂದಿಯಲ್ಲಿ, ಮರಾಠಿಯಲ್ಲಿ ಕೂಗಿ ಕೂಗಿ ಕೇಳುತ್ತಿದ್ದರು. ಮಗುವಿಗೆ ಕಿವಿಯೇ ಕೇಳಿಸದು. ಕಾಕಾ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ತುಟಿ ಅಗಲಿಸಿ, ಸದ್ದಿಲ್ಲದೆ ಮರಾಠಿಯಲ್ಲಿ ಏನೋ ಕೇಳಿದರು. ಅಳು ನಿಂತಿತು. ಮಗು ಬೆರಳು ತೋರಿಸಿತು. ಅಷ್ಟರಲ್ಲಿ ಆ ಕಡೆಯಿಂದಲೇ ಅದರ ಟೀಚರು ಓಡಿಬಂದರು. ಅವರದು ಕಿವುಡ ಮಕ್ಕಳ ಶಾಲೆ. ಅಂದು ಮಕ್ಕಳನ್ನು ಗುಡಿಗೆ ಕರೆತಂದಿದ್ದರಂತೆ. ಶಾಲೆಯ ಸಿಪಾಯಿ ಕೆಲಸ ಬಿಟ್ಟುಹೋಗಿದ್ದಾನೆ, ಆ ಜಾಗಕ್ಕೆ ನೀವು ಬರುತ್ತೀರಾ ಎಂದು ಕಾಕಾನನ್ನು ಅಲ್ಲೇ ಕೇಳಿದರು. ಸಂಬಳ ಕಡಿಮೆ, ಆರು ತಿಂಗಳು ನೋಡಿ ಮುಂದಿನದು, ಪರ್ಮನೆಂಟ್ ಅಲ್ಲ.

ಎಂಟು ದಿನ ಕಾಕಾಗೆ ಊಟ ಸೇರಲಿಲ್ಲ. ಒಂಬತ್ತನೆಯ ದಿನ ನನ್ನ ಖೋಲಿಗೆ ಬಂದು, "ರಾಜೀನಾಮೆ ಬರಕೊಡು" ಎಂದರು. ಬರೆದೆ. ಅವರು ಕೆಳಗೆ ಸಹಿ ಮಾಡಿ, "ನಂದು ಆತು. ನಿಂದು ಯಾವಾಗ ಬರೀತಿ?" ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ನನಗೆ ಹೆದರಿಕೆ ಹತ್ತಿತು. ಇವರ ಮನೆ ಉಪವಾಸ ಬಿದ್ದರೆ ಅದು ನನ್ನ ಕೈಬರಹದಿಂದ. ಮರುದಿನ ಆಫೀಸಿಗೆ ಚಕ್ಕರ್ ಹೊಡೆದು ಮಿಲ್ಲಿನ ಗೇಟಿಗೆ ಓಡಿದೆ. "ಕೊಡಬ್ಯಾಡ್ರಿ ಕಾಕಾ!" ಅವರು ಬರಿಗೈ ತೋರಿಸಿದರು. ಕೊಟ್ಟಾಗಿತ್ತು. ಬೆವರಿನಿಂದ ಅಂಗಿ ಒದ್ದೆಯಾಗಿತ್ತು, ಅವರದೂ ನನ್ನದೂ. ಅಂದಿನಿಂದ ಕಾಕುವಿನ ಮುಖ ನೋಡಲಾಗದೆ ಹಿಂದಿನ ಮೆಟ್ಟಿಲಿನಿಂದಲೇ ಓಡಾಡಿದೆ.

ತಡೆಯಲಾಗದೆ ಒಂದು ದಿನ ಆ ಶಾಲೆಗೇ ಹೋದೆ. ಗಂಟೆ ಬಾರಿಸಿದರೆ ಕೇಳುವವರಿಲ್ಲದ ಶಾಲೆ. ಪಾಠ ಮುಗಿದಾಗ ಕಾಕಾ ಕೆಂಪು ವಸ್ತ್ರ ಬೀಸುತ್ತ ಕೋಣೆ ಕೋಣೆಗೂ ಹೋಗುತ್ತಿದ್ದರು. ಬೆಂಚುಗಳ ಸಾಲಿನ ನಡುವೆ ಅದೇ ಮಗ್ಗದವರ ನಡಿಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಟ. ಮಕ್ಕಳು ಧೋತರ ಹಿಡಿದು ಜಗ್ಗಿ, ಅವರ ಮುಖ ತಮ್ಮ ಕಡೆ ತಿರುಗಿಸಿಕೊಂಡು ಚಾಡಿ ಹೇಳುತ್ತಿದ್ದವು. ನನಗೆ ಚಹಾ ತಂದುಕೊಟ್ಟರು. ಕಪ್ಪು ನಡುಗಲಿಲ್ಲ. ನನಗೆ ಅಳುವೇ ಬಂತು.

"ಅಂಜಿಕಿ ಹೋತೇನ್ರಿ ಕಾಕಾ?"

"ಎಲ್ಲಿ ಹೋಗ್ತೈತಿ! ಮೊನ್ನೆ ಒಂದು ಕೂಸು ರಸ್ತಾಕ್ಕ ಓಡ್ತು. ಬಸ್ಸಿನ ಹಾರ್ನ್ ಅದಕ ಕೇಳಂಗಿಲ್ಲ. ಜೀವ ಬಾಯಿಗೆ ಬಂದಿತ್ತು. ಆದ್ರ ಇದು ಬ್ಯಾರೆ ಅಂಜಿಕಿ ತಮ್ಮಾ. ಆಗ ನನ್ನ ಕಣ್ಣಿನ ಸಲುವಾಗಿ ಅಂಜತಿದ್ದೆ, ಈಗ ಈ ಕೂಸುಗಳ ಸಲುವಾಗಿ ಅಂಜತೀನಿ. ಮುಂಜಾನೆ ಯಾವಾಗ ಆದೀತು ಅನಸ್ತೈತಿ."

ಶಾಲೆಯವರು ಅವರನ್ನು ಉಳಿಸಿಕೊಂಡರು. ಕಾಕು ಮಾತ್ರ ಎರಡು ವರ್ಷ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮದುವೆಯಾಗಿ ನಾನು ಮುಲುಂಡಿಗೆ ಹೋದೆ. ಆಫೀಸು ಅದೇ, ಫೈಲು ಅವೇ. ಮಾಟುಂಗದ ಕನ್ನಡ ಶಾಲೆಯಿಂದ ಎರಡು ಸಲ ಕರೆ ಬಂದಿತ್ತು. ಎರಡು ಸಲವೂ ಅಂಜಿದೆ.

ಅವರನ್ನು ಕೊನೆಯ ಸಲ ಕಂಡದ್ದು ಕುರ್ಲಾ ಸ್ಟೇಷನ್ನಿನಲ್ಲಿ. ನಾನು ಈ ಪ್ಲಾಟ್‌ಫಾರ್ಮಿನಲ್ಲಿ, ಹಳಿಗಳಾಚೆ ಅವರು, ಅವರ ಹಿಂದೆ ಕೈ ಕೈ ಹಿಡಿದ ಮಕ್ಕಳ ಸಾಲು. ತಲೆ ಪೂರ್ತಿ ನರೆತಿತ್ತು. ನನ್ನನ್ನು ಕಂಡು ಕೆಂಪು ವಸ್ತ್ರ ಬೀಸಿದರು. ಮಧ್ಯೆ ಜನರ ಗದ್ದಲ, ಒದರುವ ಲೌಡ್‌ಸ್ಪೀಕರು. ಕಾಕಾ ಕೂಗಲಿಲ್ಲ. ತುಟಿ ಅಗಲಿಸಿ, ಒಂದೊಂದೇ ಮಾತನ್ನು ಬಿಡಿಸಿ ಆಡಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ತುಟಿ ನನಗೆ ಓದಲು ಬಂತು.

"ನಿಂದು ಬರದೀಯೇನು?"

ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಡುವೆ ಲೋಕಲ್ ಬಂದು ನಿಂತಿತು. ಅದು ಹೊರಟಾಗ ಆಚೆ ಯಾರೂ ಇರಲಿಲ್ಲ. ರೈಲು ಬಂದದ್ದು ಒಳ್ಳೆಯದಾಯಿತು ಎಂದುಕೊಂಡೆನಲ್ಲ, ಅದು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ.