‘ತಡೀರಿ’ ಮೇಸ್ತ್ರಿಯೂ ಮೂಲೆಯ ಎಂಜಿನ್ನೂ

ಬಿಸಿಲು ಇನ್ನೂ ಶೆಡ್ಡಿನ ತಗಡಿಗೆ ತಾಗಿಲ್ಲ. ಮೇಸ್ತ್ರಿ ಒಂದು ಹಳೆಯ ಬಿಳಿ ಕಾರಿನ ಬಾನೆಟ್ ಎತ್ತಿ, ಮಗುವಿನ ಜ್ವರ ನೋಡುವವರಂತೆ ಎಂಜಿನ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದಾರೆ. ಎಂಜಿನ್ ತಣ್ಣಗಿದೆ. ಕಾರಿನ ಒಡತಿ ಪಕ್ಕದಲ್ಲೇ ನಿಂತು ಮಾತಾಡುತ್ತಲೇ ಇದ್ದಾರೆ. ಮೇಸ್ತ್ರಿ ಕಣ್ಣು ತೆರೆಯದೆಯೇ ಒಂದು ಕೈ ಎತ್ತುತ್ತಾರೆ. "ತಡೀರಿ."

ಈ ಒಂದು ಮಾತೇ ಅವರ ಹೆಸರಾಗಿಬಿಟ್ಟಿದೆ. ಊರಿನ ಗ್ಯಾರೇಜುಗಳೆಲ್ಲ "ಎಂಜಿನ್ ಹೋಯ್ತು, ಬದಲಾಯಿಸಿ" ಎಂದು ಕೈ ಚೆಲ್ಲಿದ ಮೇಲೆ ಗಾಡಿಗಳು ಬರುವುದು ಇಲ್ಲಿಗೆ. ಇಲ್ಲಿ ಮೊದಲು ಕೇಳಿಸುವ ಮಾತು "ತಡೀರಿ". ಐವತ್ತೆಂಟರ ‘ತಡೀರಿ’ ಮೇಸ್ತ್ರಿಗೆ ಇನ್ನೊಂದು ಹೆಸರಿದೆ ಎಂಬುದು ಅವರ ಹೆಂಡತಿಗೇ ಮರೆತುಹೋದಂತಿದೆ.

ಶೆಡ್ಡಿನ ಕಾನೂನು ಕಟ್ಟುನಿಟ್ಟು. ಕಾರು ಹಿಂದಿನ ಸಂಜೆಯೇ ಬಂದು ಇಲ್ಲೇ ಮಲಗಬೇಕು. ಬೆಳಿಗ್ಗೆ ಓಡಿಸಿಕೊಂಡು ಬಂದವರು ಬಂದ ದಾರಿಗೆ ಸುಂಕವಿಲ್ಲದಂತೆ ಹಿಂತಿರುಗಬೇಕು. "ಬಿಸಿ ಎಂಜಿನ್ ಅಂದ್ರೆ ನೆಂಟರ ಮುಂದೆ ಕೂತಿರೋ ಮಕ್ಕಳ ಥರ. ಎಲ್ಲಿಲ್ಲದ ಒಳ್ಳೆ ಬುದ್ಧಿ ತೋರಿಸುತ್ತೆ" ಎನ್ನುತ್ತಾರೆ ಮೇಸ್ತ್ರಿ. "ಬೆಳಿಗ್ಗೆ ತಣ್ಣಗೆ ಮಲಗಿದ್ದಾಗ ಎಬ್ಬಿಸಿ ನೋಡಿ. ಅಸಲಿ ಗುಣ ಆಗ ಹೊರಗೆ ಬರುತ್ತೆ."

ಇವತ್ತಿನ ಒಡತಿ ಡ್ರೈವಿಂಗ್ ಕಲಿಸುವ ಟೀಚರಮ್ಮ. ಇಪ್ಪತ್ತೊಂದು ವರ್ಷದ ಕಾರು, ಪಕ್ಕದ ಸೀಟಿನ ಕಾಲಬುಡದಲ್ಲೂ ಒಂದು ಬ್ರೇಕು. ಮೂರು ತಿಂಗಳಿಂದ ಸೈಲೆನ್ಸರಿನಲ್ಲಿ ನೀಲಿ ಹೊಗೆ, ವಾರಕ್ಕೊಮ್ಮೆ ಆಯಿಲ್ ಖಾಲಿ. ದೊಡ್ಡ ಗ್ಯಾರೇಜೊಂದರಲ್ಲಿ ಎಂಜಿನ್ನಿನ ಒಳಗಿನ ರಿಂಗುಗಳು ಸವೆದಿವೆ, ಎಂಜಿನ್ ಬದಲಾಯಿಸುವುದಕ್ಕಿಂತ ಕಾರನ್ನೇ ಗುಜರಿಗೆ ಹಾಕುವುದು ಮೇಲು ಎಂದಿದ್ದಾರೆ. ಸೋಮವಾರ ಅವರ ಆರು ಜನ ಶಿಷ್ಯರಿಗೆ ಲೈಸೆನ್ಸ್ ಪರೀಕ್ಷೆ ಇದೆ. ಎರಡು ಬ್ರೇಕಿನ ಇನ್ನೊಂದು ಕಾರು ಕೊಳ್ಳುವ ಶಕ್ತಿ ಅವರಿಗಿಲ್ಲ. "ಈ ಕಾರು ಹೋದ್ರೆ ನನ್ನ ಸ್ಕೂಲಲ್ಲಿ ಉಳಿಯೋದು ಬರೀ ಬೋರ್ಡು, ಮೇಸ್ತ್ರಿ" ಎನ್ನುತ್ತಾರೆ ಈ ಮಾತಿನ ಮಲ್ಲಿ.

ಮೊದಲ ಪರೀಕ್ಷೆ ಮೇಸ್ತ್ರಿಯದಲ್ಲ, ಅವರ ಹೆಂಡತಿಯದು. ಆಕೆ ಚಹಾದ ಲೋಟ ಕೆಳಗಿಟ್ಟು, ಆಯಿಲ್ ನೋಡುವ ಕಡ್ಡಿ ಎಳೆದು ಮೂಸುತ್ತಾರೆ. "ಪೆಟ್ರೋಲ್ ವಾಸನೆ ಇಲ್ಲ, ಸುಟ್ಟ ವಾಸನೆನೂ ಇಲ್ಲ ಕಣ್ರೀ" ಎಂದು ತೀರ್ಪು ಕೊಡುತ್ತಾರೆ. ನಶ್ಯ ಏರಿಸಿ ಏರಿಸಿ ಮೇಸ್ತ್ರಿಯ ಮೂಗು ಯಾವತ್ತೋ ನಿವೃತ್ತಿ ಪಡೆದಿದೆ. "ಈ ಅಂಗಡೀಲಿ ಕಿವಿ ನನ್ನದು, ಮೂಗು ಇವಳದು" ಎನ್ನುತ್ತಾರೆ ಅವರು. "ಬಾಯಿ?" ಎಂದು ಟೀಚರಮ್ಮ ಕೇಳುತ್ತಾರೆ. "ಅದನ್ನ ನೀವು ತಂದಿದ್ದೀರಲ್ಲ!" ಮೂವರೂ ನಗುತ್ತಾರೆ.

ಎಂಜಿನ್ ಎದ್ದೇಳುತ್ತದೆ. ಮೇಸ್ತ್ರಿ ಒಂದು ಮರದ ಕೋಲಿನ ತುದಿಯನ್ನು ಎಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಆನಿಸಿ, ಅಂಗುಲ ಅಂಗುಲವಾಗಿ ಸರಿಯುತ್ತಾರೆ. ಕುಟ್ಟುವ ಸದ್ದಿಲ್ಲ. ಎಂಜಿನ್ ಬಿಸಿಯಾದ ಮೇಲೆ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದೇ ತೂತಿಗೆ ಮೀಟರ್ ಸಿಕ್ಕಿಸಿ ಒಳಗಿನ ಒತ್ತಡ ಅಳೆಯುತ್ತಾರೆ. ನಾಲ್ಕರಲ್ಲೂ ಮುಳ್ಳು ಒಂದೇ ಎತ್ತರಕ್ಕೆ ಏರಿ ನಿಲ್ಲುತ್ತದೆ. "ರಿಂಗು ಸವೆದಿದ್ರೆ ಇಷ್ಟು ಬಲ ಎಲ್ಲಿಂದ ಬರುತ್ತೆ?" ಎನ್ನುತ್ತಾರೆ. ಟೀಚರಮ್ಮ ಹಿಗ್ಗಲು ಹೊರಟರೆ ಮತ್ತೆ ಅದೇ ಮಾತು, "ತಡೀರಿ".

ಪ್ಲಗ್ಗುಗಳು ಮತ್ತೆ ಕೂರುತ್ತವೆ. ಈಗ ಬರುತ್ತದೆ ಅವರ ಅತಿ ಅಗ್ಗದ ಉಪಕರಣ. ಹಳೆಯ ಕ್ಯಾಲೆಂಡರಿನಿಂದ ಹರಿದ ಒಂದು ಕಾಗದದ ಚೂರು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಸುರಿಯುವ ಬಾಯಿಯ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಚೂರನ್ನು ಇಡುತ್ತಾರೆ. ಚೂರು ಪಟ್ಟನೆ ಹಾರಿ ಟೀಚರಮ್ಮನ ಭುಜದ ಮೇಲೆ ಬೀಳುತ್ತದೆ. ಆಕೆಯ ಮುಖದ ಬಣ್ಣ ಇಳಿಯುತ್ತದೆ. ಮೇಸ್ತ್ರಿಯ ಮುಖ ಮಾತ್ರ ಊರಗಲ. "ಸಿಕ್ತು! ಪಾಪ, ಇದಕ್ಕೆ ಉಸಿರು ಬಿಡೋಕೇ ಆಗ್ತಿಲ್ಲ. ಒಳಗೆ ಗಾಳಿ ಕಟ್ಕೊಂಡು ಆಯಿಲನ್ನ ಹೋಗಬಾರದ ಕಡೆಗೆಲ್ಲ ನೂಕ್ತಿದೆ."

ಎಂಜಿನ್ ಆರಿಸಿ, ಹಿಂಬದಿಯಿಂದ, ಒಳಗಿನ ಗಾಳಿ ಹೊರಹೋಗುವ ಗೇಣುದ್ದದ ಒಂದು ರಬ್ಬರ್ ಕೊಳವೆ ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಒಳಗೆ ಕಪ್ಪು ಜಿಡ್ಡು ಕಲ್ಲಾಗಿ ಕೂತಿದೆ. ಗುಜರಿಯವರೆಗೆ ಹೊರಟಿದ್ದ ಕಾರಿನ ಕಾಯಿಲೆ ಇಷ್ಟೇ!

ಈ ತಾಳ್ಮೆ ಹುಟ್ಟಿನಿಂದ ಬಂದದ್ದಲ್ಲ. ಹನ್ನೊಂದು ವರ್ಷದ ಹಿಂದೆ ಒಬ್ಬ ಟ್ಯಾಕ್ಸಿಯವನ ಕಾರು ಧಡಧಡ ಅಲುಗುತ್ತಿದೆಯೆಂದು ಮೇಸ್ತ್ರಿ ಹಿಂದೆ ಮುಂದೆ ನೋಡದೆ ಬೇರೆ ಎಂಜಿನ್ ಕೂರಿಸಿದ್ದರು. ಅದು ಹಳೆಯದಕ್ಕಿಂತ ಜೋರಾಗಿ ಕುಣಿಯಿತು. ಕೆಟ್ಟಿದ್ದು ಎಂಜಿನ್ ಅಲ್ಲ, ಅದನ್ನು ಹೊತ್ತು ಕೂರಿಸುವ ರಬ್ಬರ್ ದಿಂಡು. ಎರಡು ವರ್ಷ ಆ ಟ್ಯಾಕ್ಸಿಯ ಎಲ್ಲ ರಿಪೇರಿಯನ್ನೂ ಬಿಟ್ಟಿಯಾಗಿ ಮಾಡಿಕೊಟ್ಟರು. ತೆಗೆದ ಎಂಜಿನ್ ಶೆಡ್ಡಿನ ಮೂಲೆ ಸೇರಿತು. ಈಗ ಅದರ ಮೇಲೊಂದು ಹಲಗೆ, ಹಲಗೆಯ ಮೇಲೊಂದು ದಿಂಬು. ಬಂದವರು ಕೂರುವುದು ಅಲ್ಲೇ. ಅಂದಿನಿಂದ ಎಂಜಿನ್ ಬದಲಿಸಲೆಂದು ಬಂದ ಪ್ರತಿ ಹತ್ತು ಕಾರುಗಳಲ್ಲಿ ಏಳು ತಮ್ಮ ಸ್ವಂತ ಎಂಜಿನ್ನಿನಲ್ಲೇ ಮನೆಗೆ ಹೋಗಿವೆ. ಉಳಿದ ಮೂರಕ್ಕೆ ಮೂಲೆಯ ಈ ಎಂಜಿನ್ ಹೊಂದುವಂಥದ್ದಲ್ಲ.

ಒಂಬತ್ತೂವರೆಯ ಹೊತ್ತಿಗೆ ಹೊಸ ಕೊಳವೆ ಕೂತಿದೆ. ಮೇಸ್ತ್ರಿ ಈ ಸಲ ಕಾಗದದ ಚೂರನ್ನು ಟೀಚರಮ್ಮನ ಕೈಗೇ ಕೊಡುತ್ತಾರೆ. ಆಕೆ ಅದನ್ನು ಓಡುತ್ತಿರುವ ಎಂಜಿನ್ನಿನ ಬಾಯಿಯ ಮೇಲಿಡುತ್ತಾರೆ. ಚೂರು ಒಮ್ಮೆ ಅದುರಿ, ಮೆಲ್ಲಗೆ ಒಳಮುಖಕ್ಕೆ ಬಾಗಿ, ಅಂಟಿ ಕೂರುತ್ತದೆ. ಟೀಚರಮ್ಮ ಮೇಸ್ತ್ರಿಯ ಹೆಂಡತಿಯ ಎರಡೂ ಕೈ ಹಿಡಿದು ಅತ್ತೇಬಿಡುತ್ತಾರೆ, ನಗುತ್ತಲೂ ಇರುತ್ತಾರೆ. "ಹಳೇ ಜಿಡ್ಡು ಉರಿದು ಹೋಗೋವರೆಗೆ ಒಂದೆರಡು ದಿನ ಸ್ವಲ್ಪ ಹೊಗೆ ಬರುತ್ತೆ, ಹೆದರಬೇಡಿ. ಸೋಮವಾರ ಆರೂ ಜನರನ್ನ ಪಾಸು ಮಾಡಿಸ್ಕೊಂಡು ಬನ್ನಿ" ಎಂದು ಮೇಸ್ತ್ರಿ ಬೀಳ್ಕೊಡುತ್ತಾರೆ.

ಕಾರು ತಿರುವು ದಾಟಿದ ಮೇಲೆ ಮೇಸ್ತ್ರಿ ಮೂಲೆಗೆ ಹೋಗಿ ದಿಂಬು, ಹಲಗೆ ಸರಿಸುತ್ತಾರೆ. ಇವತ್ತು ತಿಂಗಳ ಮೊದಲ ದಿನ. ಹಳೆಯ ಎಂಜಿನ್ನಿಗೆ ನಾಲ್ಕು ಹನಿ ಆಯಿಲ್ ಬಿಟ್ಟು, ದೊಡ್ಡ ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸುತ್ತಾರೆ. ತುಕ್ಕು ಹಿಡಿಯಬಾರದೆಂದು ಹನ್ನೊಂದು ವರ್ಷದಿಂದ ತಪ್ಪದೆ ನಡೆದುಬಂದ ಕೆಲಸ.

"ತಪ್ಪು ಮಾಡಿದ್ದು ನಾನು, ಮೂಲೆ ಸೇರಿದ್ದು ಇದು" ಎನ್ನುತ್ತಾರೆ. "ಇದನ್ನ ಒಂದು ಗಾಡೀಲಿ ಕೂರಿಸಿ ರೋಡಿಗೆ ಬಿಡಬೇಕು. ಇನ್ನೇನೂ ಆಸೆ ಇಲ್ಲ."

ಹೆಂಡತಿ ಬಿಡುವವರಲ್ಲ. "ಅದಕ್ಕೆ ಅದೇ ಥರದ ಇನ್ಯಾರದೋ ಗಾಡಿ ಎಂಜಿನ್ ನಿಜವಾಗ್ಲೂ ಸಾಯಬೇಕಲ್ರೀ! ಅದನ್ನ ಬೇಡ್ಕೋತೀರಾ?"

ಮೇಸ್ತ್ರಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಸ್ಪ್ಯಾನರ್ ಒರೆಸಿ, ಹಲಗೆ ಮುಚ್ಚಿ, ದಿಂಬನ್ನು ತಟ್ಟಿ ಸರಿ ಮಾಡುತ್ತಾರೆ. ಆಮೇಲೆ ಆ ಎಂಜಿನ್ನಿಗೂ ಅದೇ ಮಾತು ಹೇಳುತ್ತಾರೆ.

"ತಡಿಯಪ್ಪ."