ಸೋಫಾ ಕುಸಿದ ಹೊತ್ತು

ರಜೆಗೆ ಹೊರಟ ಕುಟುಂಬಕ್ಕೆ ಕಾರ್ಟೂನ್ ಕರಡಿಯೊಂದು ಗಂಟುಬೀಳುವ ನಗೆಚಿತ್ರವದು. ಶೂಟಿಂಗಿನಲ್ಲಿ ಕರಡಿಯೇ ಇರಲಿಲ್ಲ, ಆಮೇಲೆ ಬಿಡಿಸಿ ಸೇರಿಸಿದರು. ಆದರೆ ಅದು ಕೂತಾಗ ಸೋಫಾ ಕುಸಿಯಬೇಡವೇ? ಜೀವಮಾನವಿಡೀ ಗಟ್ಟಿಮುಟ್ಟಾದ ಕುರ್ಚಿ ಮಾಡಿದ ಬಡಗಿ ಸೋಫಾದಡಿ ಅಂಗಾತ ಮಲಗಿ, ಧೂಳಿಗೆ ಮೂಗಿನ ತುದಿಗೆ ಬಂದ ಸೀನನ್ನು ತಡೆದುಕೊಂಡು, ಹಗ್ಗ ಜಗ್ಗಿದ್ದ.

ತೆರೆಯ ಮೇಲೆ ಅವನ ಕಿರುಬೆರಳೂ ಕಾಣದು. ಆದರೇನು, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮೊದಲ ಆಟಕ್ಕೇ ಹೋದ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ಸೋಫಾ ನೋಡ್ತಿರಿ, ಈಗ ಬರುತ್ತೆ,” ಎಂದ.

ಸೋಫಾ ಕುಸಿಯಿತು. ಅವರ ಸಾಲಿಗೆ ಸಾಲೇ ಎದ್ದು ಚಪ್ಪಾಳೆ ತಟ್ಟಿತು. ಹಿಂದಿನವರು ಕೂರ್ರೀ ಎಂದು ಗದರಿದರು.

ಹೊರಗೆ ಬಂದಾಗ ಎಲ್ಲರ ಬಾಯಲ್ಲೂ ಕರಡಿಯದೇ ಮಾತು. ಬಡಗಿಯ ಅಮ್ಮ ಮಗನ ತೋಳು ಹಿಡಿದು ಮೆಲ್ಲಗೆ ಕೇಳಿದಳು:

“ಕರಡಿ ಯಾವಾಗ ಬಂತೋ? ನಾನು ಸೋಫಾ ಮೇಲಿಂದ ಕಣ್ಣೇ ತೆಗೀಲಿಲ್ಲ.”