ಮಿಲ್ಲಿನ ಕೂಗಿಗೆ ಹಾಲಿಳಿಸಿದ ಎಮ್ಮೆಗಳು

ಗುಡ್ಡಪ್ಪನಿಗೆ ಎರಡು ಕೆಲಸ. ಹಗಲು ದಾವಣಗೆರೆಯ ಹತ್ತಿ ಮಿಲ್ಲಿನ ಸ್ಪಿನ್ನಿಂಗ್ ಖಾತೆ, ಅದರ ಹಿಂದೆ ಮುಂದೆ ಎಮ್ಮೆ. ಎರಡರ ವಾಸನೆಯೂ ಅವನ ಅಂಗಿಯಲ್ಲಿ ಇರುತ್ತಿತ್ತು. ಮಿಲ್ಲಿನ ಗೇಟಿನ ಮುಂದೆ ಯೂನಿಯನ್ ಸಭೆಗೆ ಅವನು ಬಂದು ಕೂತರೆ, ಜೊತೆ ಕೆಲಸದ ನಾವು ಗಾಳಿ ನೋಡಿಕೊಂಡು ಸರಿದು ಕೂರುತ್ತಿದ್ದೆವು. ಹಾಗೆ ಸರಿದವರೇ ಸಂಜೆ ಮಜ್ಜಿಗೆಗೆ ಚೊಂಬು ಹಿಡಿದು ಅವನ ಬಾಗಿಲಲ್ಲಿ ನಿಲ್ಲುತ್ತಿದ್ದರು, ಆ ಮಾತು ಬೇರೆ.

ಐವತ್ತರ ದಶಕದ ಕೊನೆ. ಲೋಕಿಕೆರೆ ರಸ್ತೆಯಲ್ಲಿ, ಊರು ಮುಗಿಯುವಲ್ಲಿ, ಅವರ ಮನೆತನದ ಒಂದು ತುಂಡು ಹೊಲವಿತ್ತು. ಉಳಿದ ಜಮೀನೆಲ್ಲ ಹುಟ್ಟೂರು ಕುಕ್ಕುವಾಡದಲ್ಲಿ, ಅಣ್ಣ ಭರಮಣ್ಣನ ಕೈಯಲ್ಲಿ. ಈ ತುಂಡಿನಲ್ಲಿ ಬಾವಿ, ಒಂದು ಬೇವಿನ ಮರ, ಒಳ್ಳೆ ಗರಿಕೆ. ಭರಮಣ್ಣನಿಗೆ ಅಲ್ಲಿ ಜೋಳ ಬಿತ್ತುವ ಆಸೆ. ಗುಡ್ಡಪ್ಪನಿಗೆ ಕೊಟ್ಟಿಗೆ ಕಟ್ಟುವ ಆಸೆ.

"ಮಿಲ್ಲಿಗೊಂದು ಕಾಲು, ಕೊಟ್ಟಿಗಿಗೊಂದು ಕಾಲು. ನಡಕ ಹರೀತೀಯಲೇ ಗುಡ್ಡ," ಅಂದ ಭರಮಣ್ಣ.

"ಹರಿದ್ರೆ ಹೊಲಿಸ್ಕೆಂತೀನಿ ಬಿಡಣ್ಣ."

"ಯುಗಾದಿ ತನಕ ನೋಡ್ತೀನಿ. ಅಷ್ಟ್ರಾಗೆ ವರ್ತನೆ ಹಾಲು ತಪ್ತು ಅಂತ ಕಿವಿಗೆ ಬಿತ್ತೋ, ಮಾರನೇ ದಿನ ನೇಗ್ಲು ಹೂಡ್ತೀನಿ. ಕೊಟ್ಟಿಗಿ ಮ್ಯಾಲೇ ಹೂಡ್ತೀನಿ."

ಭರಮಣ್ಣ ಸುಮ್ಮನೆ ಹೆದರಿಸುವ ಆಸಾಮಿ ಅಲ್ಲ. ಅವನ ಕಿವಿಯೂ ಹತ್ತಿರವೇ ಇತ್ತು. ವರ್ತನೆ ಅಂದರೆ ದಿನವೂ ತಪ್ಪದೆ ಹಾಕುವ ಹಾಲು, ಗುಡ್ಡಪ್ಪ ಅದನ್ನು ಒಪ್ಪಿಕೊಂಡಿದ್ದು ದ್ರಾಕ್ಷಾಯಣಮ್ಮನ ಖಾನಾವಳಿಗೆ. ಕಾಳು ಮಾರಲು ಪೇಟೆಗೆ ಬಂದಾಗ ಭರಮಣ್ಣ ರೊಟ್ಟಿ ತಿನ್ನುತ್ತಿದ್ದದ್ದೂ ಅಲ್ಲೇ.

ಎಮ್ಮೆ ತರಲು ಗುಡ್ಡಪ್ಪ ಹರಿಹರಕ್ಕೆ ಹೋದ. ಅಲ್ಲಿ ಮೌಲಾ ಸಾಬ್ ಅಂತ ಒಬ್ಬ ದಲಾಲಿ. ಟವೆಲ್ಲಿನಡಿ ಬೆರಳು ಹಿಡಿದು ರೇಟು ತಿಳಿಸಿ ವ್ಯಾಪಾರ ಮುಗಿಸುವುದು ಅವರ ರಿವಾಜು. ನೂಲು ಹಿಡಿದು ಒರಟಾದ ಗುಡ್ಡಪ್ಪನ ಕೈ ಹಿಡಿದು ಸಾಬ್ ನಕ್ಕ. "ಇದ್ರಾಗೆ ಬೆರಳು ಯಾವ್ದು, ಕೊಂಬು ಯಾವ್ದು, ಒಂದೂ ತಿಳೀವಲ್ದು." ಆದರೂ ಎರಡು ಎಮ್ಮೆ ಸಸ್ತಾಕ್ಕೆ ಕುದುರಿದವು. ಹಗ್ಗ ಕೈಗೆ ಬಂದ ಮೇಲೆ ಗುಡ್ಡಪ್ಪ ಕೇಳಿದ, "ಇಷ್ಟು ಸಸ್ತಾ ಯಾಕ ಸಾಬ್ರೆ?"

"ಎರಡರ ಕರುನೂ ಸತ್ತಾವು. ಚಿಂತಿ ಮಾಡ್ಬ್ಯಾಡ್ರಿ. ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದ ನಿಲ್ಸಿ. ನೆಕ್ಕಂತ ಹಾಲು ಕೊಡ್ತಾವು."

ಹೊಲದವನು ಮೊದಲು ಕರು ನೋಡುತ್ತಾನೆ, ಮಿಲ್ಲಿನವನು ಮೊದಲು ರೇಟು ನೋಡುತ್ತಾನೆ. ಗುಡ್ಡಪ್ಪ ತನಗೆ ತಿಳಿಯದ ಹಾಗೆ ಮಿಲ್ಲಿನವನಾಗಿದ್ದ. ಕರು ಬಾಯಿ ಹಾಕದೆ ಎಮ್ಮೆ ಕೆಚ್ಚಲಿಗೆ ಹಾಲಿಳಿಸುವುದಿಲ್ಲ, ಸೊರೆ ಬಿಡುವುದಿಲ್ಲ. ಇದು ಕುಕ್ಕುವಾಡದಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು.

ಹೆಂಡತಿ ಕೊಟ್ರವ್ವ ಎಮ್ಮೆಗಳನ್ನು ಸುತ್ತು ಹೊಡೆದು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. "ಕರು ಬಿಟ್ಟು ಎಮ್ಮಿ ತಂದೀರಿ. ನಾಳೆ ಎತ್ತು ಬಿಟ್ಟು ಗಾಡಿ ತರ್ತೀರಿ."

"ತೊಗಲಿಗೆ ಹುಲ್ಲು ತುಂಬಿದ್ರೆ..."

"ಸತ್ತ ಕೂಸು ತೋರ್ಸಿ ಹಾಲು ಕಸ್ಕಣಾ ಮೋಸ ನನ್ ಕೈಲಿ ಆಗಲ್ಲ. ಹತ್ತಿಕಾಳು ತರ್ರಿ."

ಅವಳ ಉಪಾಯ ಸರಳ. ಊರಿನಲ್ಲಿ ಯಾರ ಕೈಯಲ್ಲೂ ಗಡಿಯಾರವಿರಲಿಲ್ಲ, ಎಲ್ಲರಿಗೂ ಮಿಲ್ಲಿನ ಸೈರನ್ ಕೂಗೇ ಗಡಿಯಾರ. ಬೆಳಗಿನ ಮೊದಲ ಕೂಗಿಗೆ ಜನ ಏಳಬೇಕು, ಎರಡನೆಯದಕ್ಕೆ ಗೇಟಿನೊಳಗಿರಬೇಕು. ಮೊದಲ ಕೂಗು ಬಿದ್ದ ಕೂಡಲೇ ಕೊಟ್ರವ್ವ ನೆನೆಸಿದ ಹತ್ತಿಕಾಳಿನ ಬುಟ್ಟಿ ಇಟ್ಟು ಕೆಚ್ಚಲು ನೀವುತ್ತಿದ್ದಳು. ಸಂಜೆ ಕೂಗಿಗೂ ಅದೇ. ಸ್ವಲ್ಪ ದಿನ ಒದ್ದವು, ತಂಬಿಗೆ ಉರುಳಿಸಿದವು. ಆಮೇಲೆ ಒಗ್ಗಿದವು. ಎಷ್ಟು ಒಗ್ಗಿದವು ಅಂದರೆ ಬುಟ್ಟಿ ಬರುವ ಮೊದಲೇ, ಕೂಗು ಕೇಳಿದರೆ ಸಾಕು, ಮೊಲೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಗುಡ್ಡಪ್ಪ ಸೈಕಲ್ಲಿಗೆ ಕ್ಯಾನು ಸಿಕ್ಕಿಸಿ, ಖಾನಾವಳಿಗೆ ಹಾಲು ಹಾಕಿ, ಎರಡನೇ ಕೂಗಿಗೆ ಗೇಟಿನೊಳಗೆ. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ವರ್ತನೆ ತಪ್ಪಲಿಲ್ಲ.

ಯುಗಾದಿ ಇನ್ನೇನು ಬಂತು ಅನ್ನುವಾಗ ನಾವು ಸ್ಟ್ರೈಕ್ ಹೂಡಿದೆವು. ಯೂನಿಯನ್ನಿನ ಮೂವರನ್ನು ಕೆಲಸದಿಂದ ತೆಗೆದಿದ್ದರು, ಇಡೀ ಮಿಲ್ಲು ಹೊರಗೆ ಬಂತು. ಮಿಲ್ಲು ನಿಂತಿತು, ಕೂಗೂ ನಿಂತಿತು. ಕೊಟ್ರವ್ವ ಬುಟ್ಟಿ ಇಟ್ಟಳು. ಎಮ್ಮೆಗಳು ಹತ್ತಿಕಾಳು ತಿಂದು ಮುಗಿಸಿ, ಮಿಲ್ಲಿನ ಕಡೆ ಕಿವಿ ಮಾಡಿ ಸುಮ್ಮನೆ ನಿಂತವು. ಎಷ್ಟು ಜಗ್ಗಿದರೂ ತಂಬಿಗೆಯ ತಳ ಮುಚ್ಚಲಿಲ್ಲ.

ಗುಡ್ಡಪ್ಪ ಗೇಟಿನ ಹತ್ತಿರ ಬಂದು ತಲೆ ಕೆರೆದುಕೊಂಡ. "ಒಳಗ ಹೋಗೋದು ಬ್ಯಾಡ, ಮಷೀನು ಮುಟ್ಟೋದು ಬ್ಯಾಡ. ಬೆಳಿಗ್ಗಿ ಒಂದು ಕೂಗು ಹಾಕ್ಸಾಕ ಆಗ್ತೈತೇನ್ರಿ?"

"ಯಾರಿಗೋ ಕೂಗು?" ಅಂದೆ.

"ಎಮ್ಮಿಗ್ರಿ."

ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಯಿತು. ಅವನು ನಗಲಿಲ್ಲ. ದ್ರಾಕ್ಷಾಯಣಮ್ಮ ಆಗಲೇ ಭರಮಣ್ಣನ ಎಲೆಗೆ ಪಲ್ಯ ಬಡಿಸುತ್ತ, "ನಿಮ್ಮ ತಮ್ಮನ ಹಾಲು ಚಾಕ್ಕೂ ಸಾಲವಲ್ದು," ಅಂದಿದ್ದಳು. ಅವತ್ತೇ ಸಂಜೆ ಭರಮಣ್ಣ ಗಾಡಿಯಲ್ಲಿ ನೇಗಿಲು ಹೇರಿಕೊಂಡು ಬಂದು ಬೇವಿನ ಮರಕ್ಕೆ ಎತ್ತು ಕಟ್ಟಿದ. "ನಾಳೆ ಹಾಲು ಹೋದ್ರೆ ನಾನೂ ಊರಿಗೆ ಹೋಗ್ತೀನಿ. ಇಲ್ಲಾಂದ್ರೆ ಹೂಡ್ತೀನಿ," ಅಂದ.

ನಗದೇ ಇದ್ದ ಇನ್ನೊಬ್ಬ ಜಾಫರ್. ಗುಡ್ಡಪ್ಪನ ಸ್ಪಿನ್ನಿಂಗ್ ಖಾತೆಯವನೇ, ಮದುವೆ ದಿನಗಳಲ್ಲಿ ಬ್ಯಾಂಡ್ ಸೆಟ್ಟಿನಲ್ಲಿ ಮೈಗೆ ಸುತ್ತಿಕೊಳ್ಳುವಷ್ಟು ದೊಡ್ಡ ಹಿತ್ತಾಳೆ ಕಹಳೆ ಊದುತ್ತಿದ್ದ. "ಗುಡ್ಡಣ್ಣ, ಆ ಕೂಗು ನನ್ ಕಹಳಿಯಾಗ ಐತೆ. ಬೆಳಿಗ್ಗಿ ಬರ್ತೀನಿ ತಗಾ."

ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ಜಾಫರ್ ಕೊಟ್ಟಿಗೆಯ ಹಿಂದೆ ನಿಂತು, ಕೆನ್ನೆ ಉಬ್ಬಿಸಿ ಉದ್ದಕ್ಕೆ ಊದಿದ. ಎಮ್ಮೆಗಳ ಕಿವಿ ನೆಟ್ಟಗಾದವು. ಕೊಟ್ರವ್ವನ ತಂಬಿಗೆಯಲ್ಲಿ ಹಾಲು ಸರ್ ಸರ್ ಅಂತ ನೊರೆ ಕಟ್ಟಿತು.

ಆ ಕೂಗು ಎಮ್ಮೆಗಳಿಗಷ್ಟೇ ಕೇಳಲಿಲ್ಲ. ಮಿಲ್ ಲೈನಿನ ಮನೆಗಳಲ್ಲಿ ಮಲಗಿದ್ದ ನಾವು ಧಡಕ್ಕನೆ ಎದ್ದೆವು. ಮಿಲ್ಲು ಚಾಲೂ ಆಯಿತು, ಯಾರೋ ಸ್ಟ್ರೈಕ್ ಮುರಿದರು ಅಂತ ಕೋಲು ಹಿಡಿದು ಗೇಟಿಗೆ ಓಡಿದರೆ, ಗೇಟಿಗೆ ಬೀಗ. ಲೋಕಿಕೆರೆ ರಸ್ತೆ ಕಡೆಯಿಂದ ಬಂತು ಅಂದರು. ಅತ್ತ ಓಡಿದೆವು.

"ಯಾರಲೇ ಮಿಲ್ ಚಾಲೂ ಮಾಡ್ದೋನು?" ಅಂತ ಮುಂದಿನವನು ಗದರಿದ.

"ನಾನು," ಅಂದಳು ಕೊಟ್ರವ್ವ, ತಿರುಗಿಯೂ ನೋಡದೆ. "ಗದ್ಲ ಮಾಡ್ಬ್ಯಾಡ್ರಿ. ಇನ್ನೊಂದು ಎಮ್ಮಿ ಬಾಕಿ ಐತೆ."

ಆದರೆ ಕೋಲು ಹಿಡಿದ ಜನ ನೋಡಿ ಎರಡನೇ ಎಮ್ಮೆ ಬೆದರಿತು, ಇಳಿದ ಹಾಲು ಮೇಲೇರಿತು. ಆಚೆ ಭರಮಣ್ಣ ಎದ್ದು ನಿಂತು ಎತ್ತಿನ ಹಗ್ಗಕ್ಕೆ ಕೈ ಹಾಕಿದ.

"ಕೂಡ್ರಿ ಎಲ್ಲಾರೂ," ಅಂದಳು ಕೊಟ್ರವ್ವ. "ಕೋಲು ಕೆಳಗಿಡ್ರಿ. ಉಸ್ರು ಬಿಟ್ರೂ ಮೆತ್ತಗೆ ಬಿಡ್ರಿ."

ಪೊಲೀಸರ ಲಾಠಿಗೂ ಜಗ್ಗದ ನಾವು ಗರಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆವು. ಕೊಟ್ರವ್ವ ಎಮ್ಮೆಯ ಬೆನ್ನು ಸವರಿದಳು, ಕೆಚ್ಚಲು ನೀವಿದಳು. ಜಾಫರ್ ಮತ್ತೊಮ್ಮೆ ಊದಿದ. ಎಮ್ಮೆ ಒಂದು ಕಿವಿ ಅಲ್ಲಾಡಿಸಿತು, ಮೆಲುಕು ಶುರು ಮಾಡಿತು, ಸೊರೆ ಬಿಟ್ಟಿತು. ಕ್ಯಾನು ತುಂಬಿತು. ಗುಡ್ಡಪ್ಪ ಯಾರ ಮುಖವನ್ನೂ ನೋಡದೆ ಸೈಕಲ್ ಹತ್ತಿ ಖಾನಾವಳಿಗೆ ಓಡಿಸಿದ.

"ಎರಡು ಎಮ್ಮಿ ಹಿಂಡಾಕ ಇಷ್ಟು ಮಂದಿ ಬೇಕೇನವಾ?" ಅಂದ ಭರಮಣ್ಣ.

"ಹಾಲು ಹೋತಲ್ರಿ ಬಾವಾರೆ," ಅಂದಳು ಕೊಟ್ರವ್ವ.

ಅವನು ಬೇವಿನ ಮರದ ಹತ್ತಿರ ಹೋದ. ಎತ್ತು ಬಿಚ್ಚಿ ನೊಗಕ್ಕೆ ಕಟ್ಟಿದ. ನಮ್ಮಲ್ಲಿ ಇಬ್ಬರು ಮತ್ತೆ ಕೋಲು ಎತ್ತಿಕೊಂಡರು. ಭರಮಣ್ಣ ಕೊಟ್ಟಿಗೆಯನ್ನು ಬಳಸಿ ಹೋಗಿ, ಬಾವಿಯ ಬದಿಗೆ ನೇಗಿಲು ಊರಿದ. "ನೇಗ್ಲು ಹೇರ್ಕಂಡು ಬಂದೀನಿ, ಸುಮ್ನೆ ವಾಪಸ್ ಒಯ್ಯಾಕ ಆಗಲ್ಲ. ಇಲ್ಲಿ ಮೇವಿನ ಜೋಳ ಹಾಕ್ರಿ. ಬರೇ ಗರಿಕಿ ತಿಂದು ಎಷ್ಟಂತ ಕೊಡ್ತಾವು ಅವು?"

ತೆಗೆದ ಮೂವರನ್ನು ಒಳಗೆ ತೆಗೆದುಕೊಂಡ ಮೇಲೆ ಮಿಲ್ಲು ಮತ್ತೆ ಕೂಗಿತು. ಗುಡ್ಡಪ್ಪ ಮಿಲ್ಲೂ ಬಿಡಲಿಲ್ಲ, ಎಮ್ಮೆಯನ್ನೂ ಬಿಡಲಿಲ್ಲ. ನಡುವೆ ಹರಿಯಲೂ ಇಲ್ಲ. ಮುಂದಿನ ವರ್ಷ ಮೂರನೇ ಎಮ್ಮೆ ತರಲು ಗಂಡ ಹೆಂಡತಿ ಇಬ್ಬರೂ ಹರಿಹರಕ್ಕೆ ಹೋದರು. ಮೌಲಾ ಸಾಬ್ ನಗುತ್ತ ಗುಡ್ಡಪ್ಪನ ಕೈ ಮೇಲೆ ಟವೆಲ್ ಹಾಸಿದ. ಕೊಟ್ರವ್ವ ಟವೆಲ್ ತೆಗೆದು ಸಾಬ್‌ನ ಹೆಗಲಿಗೇ ಹಾಕಿದಳು.

"ಬೆರಳು ಆಮ್ಯಾಲೆ ಹಿಡಿವಂತ್ರಿ ಸಾಬ್ರೆ. ಕರು ಎಲ್ಲೈತೆ?"